ಪೋರ್ಟ್ ಆರ್ಥರ್ ಬೀಳದ ಮಧ್ಯಾಹ್ನ

ನಮ್ಮ ಹೆಡ್ ಮಾಸ್ಟ್ರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವರ ಮೇಲೆ ನನಗೆ ಬಂದ ಸಿಟ್ಟನ್ನೂ ಬರೆಯಬೇಕಾಗುತ್ತದೆ. ಅರುವತ್ತರ ದಶಕದ ಆರಂಭದಲ್ಲಿ ನಾನು ಮೂಡುಬಿದಿರೆಯ ಹತ್ತಿರ, ಮಿಜಾರಿನ ಕಡೆಯ ಒಂದು ಶಾಲೆಯಲ್ಲಿ ಮಾಸ್ಟ್ರಾಗಿದ್ದೆ. ಹೆಡ್ ಮಾಸ್ಟ್ರಿಗೆ ಅದು ನಿವೃತ್ತಿಯ ವರ್ಷ. ಅವರು ಹುಡುಗರಾಗಿದ್ದಾಗ ಅವರ ಮಾಸ್ಟ್ರೊಬ್ಬರು ರಷ್ಯಾಕ್ಕೂ ಜಪಾನಿಗೂ ನಡೆದ ಯುದ್ಧದ ಕತೆ ಹೇಳುತ್ತಿದ್ದರಂತೆ. ಏಷ್ಯಾದ ಒಂದು ಸಣ್ಣ ದೇಶ ಬಿಳಿಯರ ದೊಡ್ಡ ಸಾಮ್ರಾಜ್ಯಕ್ಕೆ ಸಮುದ್ರದಲ್ಲೂ ನೆಲದಲ್ಲೂ ಮಣ್ಣು ಮುಕ್ಕಿಸಿದ ಕತೆ. ಸ್ವಾತಂತ್ರ್ಯ ಚಳವಳಿಯ ಹುರುಪಿನಲ್ಲಿ ಅದನ್ನು ಅವರು ನಾಟಕವಾಗಿ ಬರೆದರು. ಆಗ ಆಡಿಸಲು ಧೈರ್ಯ ಸಾಲಲಿಲ್ಲ, ಆಮೇಲೆ ಪುರುಸೊತ್ತು ಸಿಗಲಿಲ್ಲ. ಮನೆಗೆ ಹೋಗುವ ಮೊದಲು ಶಾಲೆಯ ವಾರ್ಷಿಕೋತ್ಸವದಲ್ಲಿ ಅದನ್ನೊಮ್ಮೆ ಕಣ್ಣಾರೆ ನೋಡಬೇಕು ಎಂಬುದು ಅವರ ಆಸೆ.

ರಷ್ಯಾದವರ ಕೈಯಲ್ಲಿದ್ದ ಪೋರ್ಟ್ ಆರ್ಥರ್ ಕೋಟೆಯನ್ನು ಗೆಲ್ಲುವ ಜಪಾನಿನ ಸೇನಾಪತಿಯ ಪಾತ್ರ ನನಗೆ ಬಂತು. ಗಿಡ್ಡ ಇದ್ದೇನೆ ಎಂಬುದು ಬಿಟ್ಟರೆ ನನಗೆ ಬೇರೆ ಅರ್ಹತೆ ಇರಲಿಲ್ಲ. ನಾನು ಒಪ್ಪಲಿಲ್ಲ. ಜಪಾನಿನ ಹೆಸರನ್ನು ನಮ್ಮ ಮನೆಯಲ್ಲಿ ಎತ್ತುವ ಹಾಗಿಲ್ಲ ಎಂದು ಕಾರಣ ಸಹಿತ ಹೇಳಿದೆ.

"ಅದು ಬೇರೆ ಯುದ್ಧ ಮಾಸ್ಟ್ರೇ," ಎಂದರು ಹೆಡ್ ಮಾಸ್ಟ್ರು. "ಇದು ನಾವೆಲ್ಲ ಹುಟ್ಟುವ ಮೊದಲಿನದ್ದು. ನಿಮ್ಮ ಅಕ್ಕನವರಿಗೆ ನಾನೇ ಬಂದು ಹೇಳ್ತೇನೆ ಬೇಕಾದರೆ."

ಅದೊಂದು ಬೇಡ ಎಂದು ನಾನು ಒಪ್ಪಿಕೊಂಡೆ.

ನಮ್ಮ ಮನೆ ಬಂಟ್ವಾಳದಲ್ಲಿ. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಯಜಮಾನರಾದ ಸೋದರಮಾವ, ನಾನು, ಅಕ್ಕ ಮತ್ತು ಅಕ್ಕನ ಮಗಳು. ಭಾವ ಮೊದಲು ಬಂಟ್ವಾಳ ಪೇಟೆಯ ಒಂದು ಜೀನಸಿನ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಆ ಸಂಬಳದಲ್ಲಿ ಸಂಸಾರ ಹೇಗೆ ನಡೆದೀತು ಎಂದು ಮಾವ ತಮ್ಮ ಪರಿಚಯದವರನ್ನು ಹಿಡಿದು ಅವರಿಗೆ ಮಲಯಾ ದೇಶದ ರಬ್ಬರ್ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ ಕೆಲಸ ಮಾಡಿಸಿಕೊಟ್ಟರು. ಭಾವ ಹಡಗು ಹತ್ತಿದಾಗ ಅಕ್ಕ ಬಸುರಿ. ಮಗಳು ಹುಟ್ಟಿದ ಸುದ್ದಿಗೆ ಅಲ್ಲಿಂದ ಸಂತೋಷದ ಉತ್ತರವೂ ಬಂತು. ಅದಾದ ಸ್ವಲ್ಪ ಸಮಯಕ್ಕೆ ಜಪಾನಿನವರು ಮಲಯಾಕ್ಕೆ ನುಗ್ಗಿದರು. ಮತ್ತೆ ಕಾಗದ ಇಲ್ಲ, ಸುದ್ದಿ ಇಲ್ಲ, ಮನುಷ್ಯನೂ ಇಲ್ಲ.

ಯುದ್ಧ ಮುಗಿದ ಮೇಲೆ ಆ ಕಡೆಯಿಂದ ಜೀವ ಉಳಿಸಿಕೊಂಡು ಬಂದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಸಯಾಮಿನ ಕಾಡಿಗೆ ರೈಲುದಾರಿಯ ಕೆಲಸಕ್ಕೆ ಎಳೆದುಕೊಂಡು ಹೋದರು ಎಂದ ಒಬ್ಬ. ಜ್ವರದಲ್ಲಿ ಹೋದರು, ಹೂತದ್ದನ್ನು ನೋಡಿದವರಿದ್ದಾರೆ ಎಂದ ಇನ್ನೊಬ್ಬ. ಮೂರನೆಯವನು, ಅವನ ಬಾಯಿಗೆ ಹುಳ ಬೀಳಲಿ, ಅಲ್ಲೇ ಒಬ್ಬಳನ್ನು ಕಟ್ಟಿಕೊಂಡು ಸುಖವಾಗಿದ್ದಾರೆ ಎಂದ. ಅಕ್ಕ ಮೂವರಿಗೂ ಕಾಫಿ ಕೊಟ್ಟು ಕಳುಹಿಸಿದಳು. ಕರಿಮಣಿ ತೆಗೆಯಲಿಲ್ಲ, ಕುಂಕುಮ ಬಿಡಲಿಲ್ಲ. ನೇತ್ರಾವತಿಯ ನೆರೆ ಅಂಗಳಕ್ಕೆ ಬಂದ ವರ್ಷಗಳಲ್ಲಿ ನಾವು ಅಕ್ಕಿಮುಡಿ ಸಾಗಿಸುತ್ತಿದ್ದರೆ ಅವಳು ಮೊದಲು ಭಾವನ ಬಟ್ಟೆಯ ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸುತ್ತಿದ್ದಳು.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಆದರೆ ಮಗಳು ಬೆಳೆದಳು, ನಾಟಕದ ಅದೇ ವರ್ಷ ಅವಳಿಗೆ ಕೊಕ್ಕಡದ ಕಡೆಯಿಂದ ಒಳ್ಳೆಯ ಸಂಬಂಧ ಬಂತು. ಹುಡುಗ ಯೋಗ್ಯ, ಹುಡುಗಿಗೂ ಮನಸ್ಸಿತ್ತು. ಅವರ ಕಡೆಯ ಹಿರಿಯರು ಒಂದೇ ಒಂದು ಮಾತು ಕೇಳಿದರು. ಹುಡುಗಿಯ ತಂದೆ ಇದ್ದಾರೋ, ಇಲ್ಲವೋ? ಇದ್ದರೆ ಅವರಿಲ್ಲದೆ ಧಾರೆ ಎರೆಯುವುದು ಹೇಗೆ? ಇಲ್ಲವಾದರೆ ಅವರ ಬೊಜ್ಜ, ಎಂದರೆ ಉತ್ತರಕ್ರಿಯೆ, ಆಗದ ಮನೆಯಲ್ಲಿ ಸೂತಕ ಹಾಗೇ ನಿಂತಿದೆ; ಸೂತಕದ ಮನೆಯಿಂದ ಹೆಣ್ಣು ತರುವುದು ಹೇಗೆ? ಕೆಟ್ಟ ಬುದ್ಧಿಯಿಂದ ಕೇಳಿದ್ದಲ್ಲ. ನಾವು ಆ ಜಾಗದಲ್ಲಿದ್ದರೂ ಕೇಳುತ್ತಿದ್ದೆವು. ಶಾಲೆಯ ವಾರ್ಷಿಕೋತ್ಸವ ಮುಗಿದ ಮೇಲಿನ ಸೋಮವಾರ ಬರುತ್ತೇವೆ, ಒಂದು ಉತ್ತರ ಹೇಳಿ ಎಂದು ಎದ್ದು ಹೋದರು.

ಕಣ್ಮರೆಯಾದವರಿಗೆ ದರ್ಭೆಯ ಬೊಂಬೆ ಮಾಡಿ ಸುಟ್ಟು ಬೊಜ್ಜ ಮಾಡುವ ಕ್ರಮ ಉಂಟು. ಭಾವನ ಕಡೆಯಲ್ಲಿ ಹಿರಿಯರೆಂದು ಉಳಿದವರು ಯಾರೂ ಇಲ್ಲದ್ದರಿಂದ ಅದು ಮಾವನ ತಲೆಯ ಮೇಲೆಯೇ ಬಂತು. ಮಾವ ಅಕ್ಕನಿಗೆ ಹೇಳಿದರು, ಬೈದರು, ಊಟ ಬಿಟ್ಟರು.

"ಸತ್ತದ್ದನ್ನು ನೋಡಿದವರನ್ನು ಕರ್ಕೊಂಡು ಬನ್ನಿ ಮಾವ," ಎಂದಳು ಅಕ್ಕ. "ಹುಲ್ಲಿನ ಬೊಂಬೆ ಸುಡ್ಲಿಕ್ಕೆ ನಾನು ಬಿಡುವುದಿಲ್ಲ."

"ಮಗಳ ಮದುವೆ ತಪ್ಪಿದರೆ?"

"ತಪ್ಪಲಿ."

ಒಳಗೆ ಹುಡುಗಿ ಅಳುವುದು ಮೂವರಿಗೂ ಕೇಳುತ್ತಿತ್ತು. ನಾನು ಈ ಜಗಳದಲ್ಲಿ ಬಾಯಿ ಹಾಕಲಿಲ್ಲ. ಅಕ್ಕ ಹೇಳಿದ್ದೂ ಸರಿ, ಮಾವ ಹೇಳಿದ್ದೂ ಸರಿ ಎನಿಸಿದಾಗ ಮನುಷ್ಯ ಶಾಲೆಗೆ ಬೇಗ ಹೊರಡಲು ಕಲಿಯುತ್ತಾನೆ. ಆದರೆ ಶಾಲೆಗೆ ಹೋದರೂ ನನಗೆ ತಪ್ಪಿಸಿಕೊಳ್ಳಲಾಗಲಿಲ್ಲ. ನಮ್ಮ ಹೆಡ್ ಮಾಸ್ಟ್ರು ರಷ್ಯಾದ ಸೇನಾಪತಿಯ ಪಾತ್ರವನ್ನು ನನ್ನ ಮಾವನಿಗೆ ಕೊಟ್ಟಿದ್ದರು.

ಮಾವ ತಾಳಮದ್ದಳೆಯ ಹೆಸರಾಂತ ಅರ್ಥಧಾರಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಎಲ್ಲಿ ಕೂಟ ಇದ್ದರೂ ಅವರಿಗೆ ಕರೆ ಬರುತ್ತಿತ್ತು. ಹೆಡ್ ಮಾಸ್ಟ್ರು ಅವರ ಮಾತಿಗೆ ಮರುಳಾದವರು. ಈ ಆಯ್ಕೆಯಲ್ಲಿ ತಪ್ಪೇನೆಂದು ನಮ್ಮ ಊರಿನವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಬರೆದಿಟ್ಟ ಮಾತೂ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಕುಳಿತವರು ಆ ಕ್ಷಣಕ್ಕೆ ಬಾಯಿಗೆ ಬಂದ ಅರ್ಥ ಹೇಳುತ್ತಾರೆ. ಎದುರಿನವನನ್ನು ಪ್ರಶ್ನೆ ಕೇಳಿ ಕಟ್ಟಿಹಾಕುವುದೇ ಅಲ್ಲಿನ ಗಮ್ಮತ್ತು. ಕೇಳಿದ ಪ್ರಶ್ನೆಗೆ ಉತ್ತರ ಕೊಡದವನು ಸೋತಂತೆ. ಅಸುರ ಎಷ್ಟೇ ವಾದ ಮಾಡಲಿ, ಕೊನೆಗೆ ಅವನು ಬೀಳಬೇಕೆಂದು ಕೇಳುವವರಿಗೆಲ್ಲ ಗೊತ್ತಿರುತ್ತದೆ. ಹೆಚ್ಚಾಯಿತು ಎನಿಸಿದರೆ ಭಾಗವತರು ಮುಂದಿನ ಪದ್ಯ ಎತ್ತಿ ಅವನ ಬಾಯಿ ಮುಚ್ಚಿಸುತ್ತಾರೆ. ಪೋರ್ಟ್ ಆರ್ಥರ್ ಕೋಟೆಯಲ್ಲಿ ಭಾಗವತರಿರಲಿಲ್ಲ. ಅಲ್ಲಿ ಯಾರು ಗೆಲ್ಲಬೇಕೆಂದು ನಮ್ಮ ಊರಿನವರಿಗೆ ಗೊತ್ತೂ ಇರಲಿಲ್ಲ.

ಶನಿವಾರ ಮಧ್ಯಾಹ್ನ ಅಭ್ಯಾಸ. ಮಾವ ಬಂಟ್ವಾಳದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬರೆದ ಮಾತನ್ನು ಒಮ್ಮೆ ಕೇಳಿ, "ಆಯ್ತು, ವಿಷಯ ಗೊತ್ತಾಯ್ತು," ಎಂದು ಕಾಗದ ಹಿಂದೆ ಕೊಡುತ್ತಿದ್ದರು. ನಾನು ಬಾಯಿಪಾಠ ಮಾಡಿದ್ದನ್ನು ಒಪ್ಪಿಸುವಷ್ಟರಲ್ಲಿ ಅವರು ನನ್ನನ್ನು ಯಾವುದೋ ಧರ್ಮಸೂಕ್ಷ್ಮದಲ್ಲಿ ಸಿಕ್ಕಿಸುತ್ತಿದ್ದರು. ಕೋಟೆ ಬೀಳುತ್ತಲೇ ಇರಲಿಲ್ಲ.

"ಇಲ್ಲಿ ನೀವು ಶರಣಾಗಬೇಕು," ಎಂದು ಹೆಡ್ ಮಾಸ್ಟ್ರು ಕೈ ಮುಗಿದರು.

"ಆಗುವ. ಮೊದಲು ಅವ ಉತ್ತರ ಕೊಡ್ಲಿ."

"ಇತಿಹಾಸದಲ್ಲಿ ಅವರು ಸೋತಿದ್ದಾರೆ."

"ಸೋತಿರಬಹುದು. ಅರ್ಥ ಹೇಳ್ಲಿಕ್ಕೆ ಬಾರದವ ಇದ್ದಿರಬೇಕು ಅಲ್ಲಿ."

ಕೊನೆಗೆ ಒಂದು ಉಪಾಯ ಮಾಡಿದೆವು. ಹೆಡ್ ಮಾಸ್ಟ್ರು ಪರದೆಯ ಬದಿಯಿಂದ ಕೈ ಎತ್ತಿದ ಕೂಡಲೇ ಜವಾನ ಶಾಲೆಯ ಗಂಟೆ ಹೊಡೆಯಬೇಕು, ಗಂಟೆ ಕೇಳಿದ ಕೂಡಲೇ ಮಾವ ಎಂಥ ಮಾತಿದ್ದರೂ ಅಲ್ಲಿಗೆ ನಿಲ್ಲಿಸಿ ಕತ್ತಿ ಒಪ್ಪಿಸಬೇಕು. ಮಾವ ಒಪ್ಪಿದರು. ಅರ್ಥಧಾರಿ ಭಾಗವತರ ಮಾತು ಮೀರುವುದಿಲ್ಲ, ಗಂಟೆಯೇ ಭಾಗವತರು ಎಂದರು.

ನಾನು ಜಪಾನಿನವನಾಗುತ್ತೇನೆಂದು ಅಕ್ಕನಿಗೆ ಹೇಳಿದಾಗ ಅವಳು ಕಲ್ಲಿನ ಮೇಲೆ ಬೂತಾಯಿ ಮೀನು ಉಜ್ಜುತ್ತಿದ್ದಳು. ಬೈಯುತ್ತಾಳೆ, ಎದ್ದು ಹೋಗುತ್ತಾಳೆ ಎಂದು ನಾನು ಸಿದ್ಧನಾಗಿದ್ದೆ. ಅವಳು ಕೈ ನಿಲ್ಲಿಸಲಿಲ್ಲ.

"ನಾನೂ ಬರ್ತೇನೆ ನೋಡ್ಲಿಕ್ಕೆ," ಎಂದಳು.

ಮನೆಯಲ್ಲಿ ನಮ್ಮದು ತುಳು, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ. ತುಳುವಿನಲ್ಲಿ ಆ ಮಾತು ಇನ್ನೂ ಚಿಕ್ಕದು.

ವಾರ್ಷಿಕೋತ್ಸವವನ್ನು ಹಗಲಿಗೇ ಇಟ್ಟಿದ್ದರು, ದೂರದವರಿಗೆ ಸಂಜೆಯ ಬಸ್ಸು ಸಿಗಲಿ ಎಂದು. ಶಾಲೆಯ ಜಗಲಿಗೆ ಬೆಂಚು ಜೋಡಿಸಿ ರಂಗಸ್ಥಳ, ಮುಂದೆ ತೆಂಗಿನ ಮಡಲಿನ ಚಪ್ಪರ. ಶಾಲೆಯ ಮ್ಯಾನೇಜರರಾಗಿದ್ದ ಜೈನ ಹಿರಿಯರು ಮುಂದಿನ ಕುರ್ಚಿಯಲ್ಲಿ, ಗಂಡಸರು ಒಂದು ಬದಿ, ಹೆಂಗಸರು ಒಂದು ಬದಿ. ಮಾವನಿಗೆ ಬಂಟ್ವಾಳದ ವಕೀಲರೊಬ್ಬರ ಕಪ್ಪು ಕೋಟು, ಅದಕ್ಕೆ ಹಿತ್ತಾಳೆಯ ಗುಂಡಿ ಹೊಲಿಸಿದ್ದರು. ನನಗೆ ಖಾಕಿ ಅಂಗಿ, ಮಸಿಯ ಮೀಸೆ. ಪರದೆಯ ಸಂದಿಯಿಂದ ನೋಡಿದೆ. ಅಕ್ಕ ಮಗಳ ಪಕ್ಕ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಳು.

ಮೊದಲ ಅಂಕ ಸಮುದ್ರದ್ದು. ಎರಡು ನೀಲಿ ಸೀರೆಗಳನ್ನು ಅಡ್ಡ ಹಿಡಿದು ಮಕ್ಕಳು ಅಲೆ ಎಬ್ಬಿಸಿದರು. ಬಿದಿರಿಗೆ ಸಿಮೆಂಟಿನ ಚೀಲದ ಕಾಗದ ಅಂಟಿಸಿದ ಹಡಗುಗಳು ಒಂದರ ಮೇಲೊಂದು ಬಿದ್ದವು. ಡ್ರಿಲ್ ಮಾಸ್ಟ್ರು ದೊಂದಿಗೆ ರಾಳದ ಪುಡಿ ಎರಚಿ ಬೆಂಕಿ ಹಾರಿಸಿದರು. ರಷ್ಯಾದ ಹಡಗು ಮುಳುಗಿತು, ಚಪ್ಪಾಳೆ ಬಿತ್ತು. ಹೆಡ್ ಮಾಸ್ಟ್ರ ಮುಖ ಅರಳಿತು. ನಾನು ಪರದೆಯ ಹಿಂದೆ ನಿಂತು ನನ್ನ ಮಾತನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದೆ.

ಕೋಟೆಯ ಅಂಕ ಶುರುವಾಯಿತು. ನಾನು ಹೋಗಿ ಕೋಟೆಯನ್ನು ಒಪ್ಪಿಸು ಎಂದು ಕೇಳಿದೆ. ಮಾವ ತಡೆದು ತಡೆದು, ತೂಗಿ ತೂಗಿ ಮಾತಾಡಿದರು. ಸಭೆಗೆ ಅವರ ದನಿ ಪರಿಚಿತ, ಜನ ಮೈಯೆಲ್ಲ ಕಿವಿಯಾಗಿ ಕುಳಿತರು. ನಾನು ಬರೆದದ್ದನ್ನು ಹೇಳಿದೆ. ಅವರು ನನ್ನ ಮುಖವನ್ನು ನೋಡಿದರು, ಮೀಸೆಯನ್ನು, ಖಾಕಿಯನ್ನು, ಸೊಂಟದ ಕತ್ತಿಯನ್ನು ನೋಡಿದರು.

"ಸೇನಾಪತಿ," ಎಂದರು ಆಮೇಲೆ. "ಕೋಟೆಯನ್ನು ಕೇಳಲು ಬಂದವನು ನೀನು, ಕೊಡಲು ಕುಳಿತವನು ನಾನು. ಕೊಡುವ ಮೊದಲು ಒಂದು ಮಾತು. ಸಮುದ್ರ ದಾಟಿ ಬಂದವರು ನೀವು. ಹೊಟ್ಟೆಪಾಡಿಗೆ ಸಮುದ್ರ ದಾಟಿದವರು ನಮ್ಮಲ್ಲೂ ಇದ್ದರು, ಕೈಯಲ್ಲಿ ಕತ್ತಿ ಇಲ್ಲದವರು. ನಿನ್ನ ಸೈನ್ಯ ಅಲ್ಲಿಗೆ ನುಗ್ಗಿದ ಮೇಲೆ ಅವರ ಸುದ್ದಿ ಇಲ್ಲ. ಅಂಥವನೊಬ್ಬನ ಹೆಂಡತಿ ಇವತ್ತಿಗೂ ಕರಿಮಣಿ ಕಟ್ಟಿಕೊಂಡು ದಾರಿ ನೋಡುತ್ತಿದ್ದಾಳೆ. ಅವನನ್ನು ಕಳುಹಿಸಿದವನು ನಾನು. ನೀನು ಗೆದ್ದವನು, ನಿನಗೆ ಗೊತ್ತಿರಬೇಕು. ಹೇಳು, ಅವನು ಇದ್ದಾನೋ, ಇಲ್ಲವೋ? ಹೇಳಿದೆಯಾದರೆ ಈ ಕ್ಷಣ ಕೋಟೆ ನಿನ್ನದು."

ನಮ್ಮ ಮನೆಯ ಸಂಗತಿ ಗೊತ್ತಿದ್ದವರಿಗೆ ಅರ್ಥವಾಯಿತು. ಗೊತ್ತಿಲ್ಲದವರಿಗೂ ಇದು ಉತ್ತರ ಕೊಡಲೇಬೇಕಾದ ಪ್ರಶ್ನೆ ಎಂದು ತಿಳಿಯಿತು. ನನಗೆ ಮಾವನ ಮೇಲೆ ಬಂದ ಸಿಟ್ಟನ್ನು ಹೇಳಿ ತೀರದು. ಸೋಮವಾರ ಕೊಕ್ಕಡದವರಿಗೆ ಹೇಳಬೇಕಾದ ಮಾತನ್ನು ಇವರು ನನ್ನ ಬಾಯಿಯಿಂದ, ಈ ವೇಷದಲ್ಲಿ, ಅಕ್ಕನ ಎದುರಿಗೆ, ಹತ್ತೂರಿನವರ ನಡುವೆ ಹೊರಡಿಸಲು ನೋಡುತ್ತಿದ್ದಾರೆ. ಹೆಡ್ ಮಾಸ್ಟ್ರ ಕಡೆ ನೋಡಿದೆ. ಗಂಟೆಗೆಂದು ಅವರ ಕೈ ಮೇಲೆದ್ದಿತ್ತು. ಜವಾನ ಸುತ್ತಿಗೆ ಹಿಡಿದು ಅವರನ್ನೇ ನೋಡುತ್ತಿದ್ದ. ಹೆಡ್ ಮಾಸ್ಟ್ರು ಕೈಯನ್ನು ಮೆಲ್ಲ ಕೆಳಗಿಳಿಸಿದರು. ನನ್ನ ಸಿಟ್ಟು ಅವರ ಮೇಲೂ ತಿರುಗಿತು.

ಅಕ್ಕ ಮಾವನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

"ಇಲ್ಲ" ಎಂದರೆ ಮುಗಿಯಿತು. ಮಾವ ಕತ್ತಿ ಒಪ್ಪಿಸುತ್ತಾರೆ, ಹೆಡ್ ಮಾಸ್ಟ್ರ ಕೋಟೆ ಬೀಳುತ್ತದೆ, ಸಭೆಯಲ್ಲಿ ಆಡಿದ ಮಾತಿನ ಬಲದಿಂದ ಬೊಜ್ಜ ನಡೆಯುತ್ತದೆ, ಹುಡುಗಿಯ ಮದುವೆ ಆಗುತ್ತದೆ. ಎರಡೇ ಅಕ್ಷರ. "ಇದ್ದಾನೆ" ಎಂದರೆ ಅಕ್ಕನ ಮುಖ ಒಂದು ಗಳಿಗೆ ಬೆಳಗುತ್ತದೆ, ಸೋಮವಾರ ಎಲ್ಲ ಮುರಿಯುತ್ತದೆ. ನಾನು "ಇಲ್ಲ" ಎನ್ನಲೆಂದೇ ಬಾಯಿ ತೆರೆದೆ. ಇದರಲ್ಲಿ ಮುಚ್ಚುಮರೆ ಇಲ್ಲ, ಹುಡುಗಿಯ ಅಳು ನನ್ನ ಕಿವಿಯಲ್ಲಿತ್ತು. ಆದರೆ ಭಾವ ರಕ್ತಮಾಂಸದ ಒಬ್ಬ ಮನುಷ್ಯ, ನನಗೆ ಈಜು ಕಲಿಸಿದವರು, ಅವರನ್ನು ಕೊಲ್ಲಲು ನನ್ನ ನಾಲಗೆ ಏಳಲಿಲ್ಲ.

"ನನಗೆ ಗೊತ್ತಿಲ್ಲ," ಎಂದೆ.

ಸಭೆಯಲ್ಲಿ ಗುಜುಗುಜು ಎದ್ದಿತು. ನಾನು ಸೋತೆ ಎಂಬುದು ಎಲ್ಲರಿಗೂ ಗೊತ್ತಾಗಿತ್ತು. ಆಮೇಲಿನ ಮಾತು ತಾನಾಗಿ ಬಂತು.

"ನಾನು ಊರನ್ನು ಗೆದ್ದೆ. ಅಲ್ಲಿದ್ದವರು ಯಾರು, ಎಲ್ಲಿಗೆ ಹೋದರು ಎಂದು ಕೇಳಲಿಲ್ಲ. ಈಗ ಕೇಳಿದರೆ ಹೇಳುವವರಿಲ್ಲ. ಅವರು ಇದ್ದಾರೆ ಎಂದರೂ ಸುಳ್ಳಾಗುತ್ತದೆ, ಇಲ್ಲ ಎಂದರೂ ಸುಳ್ಳಾಗುತ್ತದೆ. ನನಗೆ ಗೊತ್ತಿಲ್ಲ."

"ಹಾಗಾದರೆ ಕೋಟೆ ಇಲ್ಲ," ಎಂದರು ಮಾವ. ಎಷ್ಟು ಸಣ್ಣ ದನಿ ಎಂದರೆ ಹಿಂದಿನ ಸಾಲಿಗೆ ಕೇಳಿರಲಿಕ್ಕಿಲ್ಲ. ವಾದದಲ್ಲಿ ಗೆದ್ದ ಮಾವನನ್ನು ನಾನು ಎಷ್ಟೋ ಸಲ ನೋಡಿದ್ದೆ. ಹೀಗೆ ಕುಸಿದು ಕುಳಿತದ್ದನ್ನು ನೋಡಿರಲಿಲ್ಲ. ಯಾರೋ ಪರದೆ ಎಳೆದರು. ಹೊರಗೆ ಜೋರು ಚಪ್ಪಾಳೆ. ಮ್ಯಾನೇಜರರು ಎದ್ದು ನಿಂತು, ರಷ್ಯಾದವರ ಈ ವಿಜಯದಿಂದ ಮಕ್ಕಳು ಕಲಿಯಬೇಕಾದದ್ದು ಬಹಳ ಉಂಟು ಎಂದು ಭಾಷಣ ಮಾಡಿದರು.

ನಾನು ಹೆಡ್ ಮಾಸ್ಟ್ರ ಮುಂದೆ ಹೋಗಿ ನಿಂತೆ. "ಗಂಟೆ ಹೊಡೆಸಬಹುದಿತ್ತಲ್ಲ ಸರ್."

"ಹೊಡೆಸಬಹುದಿತ್ತು," ಎಂದರು ಅವರು. ಅವರ ಬದುಕಿನ ನಾಟಕ ಕೆಟ್ಟುಹೋಗಿತ್ತು. ಆದರೆ ಅವರು ಅದನ್ನು ಹೇಳಲಿಲ್ಲ. "ಕೇಳಿದ ಮೇಲೆ ಉತ್ತರ ಬರ್ಲಿ ಅಂತ ಕಂಡಿತು ಮಾಸ್ಟ್ರೇ. ಕ್ಷಮಿಸಿ."

ಸಂಜೆಯ ಬಸ್ಸು ಹತ್ತಿದೆವು. ನನ್ನ ಮೀಸೆಯ ಮಸಿ ಪೂರ್ತಿ ಹೋಗಿರಲಿಲ್ಲ, ಎದುರಿನ ಮಗುವೊಂದು ನೋಡಿ ನಗುತ್ತಿತ್ತು. ಮಾವ ಒಮ್ಮೆ ನನ್ನ ಕಿವಿಯ ಹತ್ತಿರ ಬಂದು, "ಮೊದಲೇ ಯೋಚನೆ ಮಾಡಿದ್ದಲ್ಲ ಮಾರಾಯ. ನಿನ್ನ ಆ ವೇಷ ಕಂಡದ್ದೇ ಬಾಯಿಗೆ ಬಂತು," ಎಂದರು. ಮುಂದಿನ ಸೀಟಿನಲ್ಲಿ ಅಕ್ಕನ ಬೆನ್ನು ಮಾತ್ರ ಕಾಣುತ್ತಿತ್ತು. ಮನೆ ಮುಟ್ಟಿದ ಮೇಲೆ ಏನಾಗುವುದೋ ಎಂದು ನನಗೆ ದಾರಿಯುದ್ದಕ್ಕೂ ಭಯ.

ಮನೆಗೆ ಬಂದು ಅಕ್ಕ ಕಾಲು ತೊಳೆದು ದೀಪ ಹಚ್ಚಿದಳು. ಚಾವಡಿಗೆ ಬಂದು ಮಾವನ ಎದುರು ನಿಂತಳು.

"ಸೋಮವಾರ ಅವರಿಗೆ ಹೇಳಿ ಮಾವ. ಬೊಜ್ಜ ಮಾಡುವ."

ಮಾವ ನನ್ನನ್ನು ನೋಡಿದರು, ಅವಳನ್ನು ನೋಡಿದರು. "ಅವ ಗೊತ್ತಿಲ್ಲ ಅಂದದ್ದಲ್ಲವಾ?"

"ಅದಕ್ಕೇ," ಎಂದಳು ಅಕ್ಕ. "ಇಷ್ಟು ವರ್ಷ ಒಬ್ಬರೂ ಗೊತ್ತಿಲ್ಲ ಅಂತ ಹೇಳ್ಲಿಲ್ಲ ಮಾವ. ಇದ್ದಾರೆ ಅಂದವರಿಗೆ ನನ್ನ ಬಾಯಿ ಮುಚ್ಚಿಸ್ಬೇಕಿತ್ತು. ಇಲ್ಲ ಅಂದವರಿಗೆ ಅವರವರ ಕೆಲಸ ಆಗ್ಬೇಕಿತ್ತು. ನೀವು ಇಲ್ಲ ಅಂತ ಹೇಳಿದಾಗೆಲ್ಲ, ಇವರು ಸುಳ್ಳು ಹೇಳ್ತಾರೆ, ಅವರು ಇದ್ದಾರೆ ಅಂತ ನನಗೆ ಗಟ್ಟಿಯಾಗ್ತಿತ್ತು. ಇವತ್ತು ತಮ್ಮ ಹೇಳಿದ್ದು ಕೇಳಿದೆ. ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಹುಡುಗಿಯನ್ನು ಯಾಕೆ ಕಾಯಿಸುವುದು."

ಮಾವ ಕುಳಿತಲ್ಲೇ ಅತ್ತರು. ಸಭೆಗಳಲ್ಲಿ ಜನರನ್ನು ಅಳಿಸಿದವರು, ತಾವು ಅಳುವುದು ಹೇಗೆಂದು ತಿಳಿಯದ ಹಾಗೆ, ಶಲ್ಯವನ್ನು ಬಾಯಿಗೆ ತುರುಕಿಕೊಂಡು ಅತ್ತರು. ಅಕ್ಕ ಅವರ ಪಕ್ಕ ಕುಳಿತುಕೊಂಡಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ನನಗೆ ಗೊತ್ತಾಗಲಿಲ್ಲ.

ಸೋಮವಾರ ಕೊಕ್ಕಡದವರು ಬಂದು ಉತ್ತರ ಕೇಳಿಕೊಂಡು ಹೋದರು. ಬೊಜ್ಜಕ್ಕೆ ದಿನ ನೋಡಿದ್ದಾಯಿತು. ದರ್ಭೆಯ ಬೊಂಬೆಗೆ ಉಡಿಸಲು ಅಕ್ಕನೇ ಪೆಟ್ಟಿಗೆಯಿಂದ ಭಾವನ ಒಂದು ಪಂಚೆ ತೆಗೆದುಕೊಟ್ಟಳು. ಕ್ರಿಯೆ ಮಾಡಿಸಲು ಬಂದಿದ್ದ ಹಿರಿಯರು, ಮುಂದೆ ವರ್ಷ ವರ್ಷ ಎಡೆ ಬಡಿಸಬೇಕಲ್ಲ, ತೀರಿಕೊಂಡ ದಿನ ಎಂದು ಯಾವುದನ್ನು ಇಟ್ಟುಕೊಳ್ಳುವುದು ಎಂದು ಕೇಳಿದರು. ದಿನ ಗೊತ್ತಿಲ್ಲದಿದ್ದರೆ ಮನೆ ಬಿಟ್ಟು ಹೊರಟ ದಿನವನ್ನು ಇಟ್ಟುಕೊಳ್ಳುವ ಕ್ರಮವೂ ಉಂಟು ಎಂದರು.

"ಅದು ಬೇಡ," ಎಂದಳು ಅಕ್ಕ. "ಹೊರಟ ದಿನ ಅವರು ನಗಾಡಿಕೊಂಡು ಹೋದದ್ದು. ಬುತ್ತಿ ಕಟ್ಟಿ ಕೊಟ್ಟವಳು ನಾನು."

"ಮತ್ತೆ ಯಾವುದು?"

ಅಕ್ಕ ನನ್ನ ಕಡೆ ತಿರುಗಿದಳು. "ನಾಟಕದ ದಿನ ಯಾವ ತಿಥಿ ತಮ್ಮ?"

ನಾನು ಹೇಳಿದೆ. ಹಿರಿಯರು ಅದನ್ನೇ ಹಿಡಿದರು. ಮದುವೆ ಚೆನ್ನಾಗಿ ಆಯಿತು. ಮಾವ ತೀರಿಕೊಂಡರು, ಅಕ್ಕನೂ ಹೋದಳು, ಅವಳ ಮೊಮ್ಮಕ್ಕಳು ಈಗ ದೊಡ್ಡವರು. ಆ ತಿಥಿಯಂದು ಎಡೆ ಬಡಿಸುವ ಕೆಲಸ ನನಗೆ ಉಳಿದಿದೆ. ಭಾವ ಎಲ್ಲಿ, ಯಾವಾಗ, ಹೇಗೆ ಹೋದರೋ ಇವತ್ತಿಗೂ ಗೊತ್ತಿಲ್ಲ. ನಮ್ಮ ಮನೆಯ ಲೆಕ್ಕದಲ್ಲಿ ಅವರು ತೀರಿಕೊಂಡದ್ದು ಮಿಜಾರಿನ ಕಡೆಯ ಒಂದು ಶಾಲೆಯಲ್ಲಿ, ಒಂದು ಮಧ್ಯಾಹ್ನ, ನಾನು ಮೀಸೆ ಬಳಿದುಕೊಂಡು ನಿಂತಿದ್ದಾಗ.